ಅತ್ತೆಯ ಬ್ಯಾಗಿನಿಂದ ನಾನು ತೆಗೆದಿಟ್ಟ ಸ್ವೆಟರ್

ಮೂರು ವರ್ಷದ ಹಿಂದೆ, ಡಿಸೆಂಬರ್‌ನಲ್ಲಿ, ನಾದಿನಿಯ ಮಗಳ ನಿಶ್ಚಿತಾರ್ಥಕ್ಕೆಂದು ಉಡುಪಿಯಿಂದ ಪುಣೆಗೆ ಹೊರಟಿದ್ದೆವು. ನಾದಿನಿಯ ಗಂಡನಿಗೆ ಶಿವಾಜಿನಗರದಲ್ಲಿ ಹೋಟೆಲು, ಮನೆ ಧನಕವಡಿಯಲ್ಲಿ. ಎಂಬತ್ತರ ಹತ್ತಿರದ ನಮ್ಮ ಅತ್ತೆ ವಾರ ಮೊದಲೇ ಬ್ಯಾಗ್ ತುಂಬಿಸಿಟ್ಟಿದ್ದರು. ಎಲ್ಲದರ ಮೇಲೆ ಒಂದು ಸ್ವೆಟರ್.

ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾವ ಕಾಲದ್ದೋ ಗಂಡಸರ ಸ್ವೆಟರ್, ಮೊಣಕೈಗೆ ಬೇರೆ ಬಣ್ಣದ ಉಲ್ಲನ್ನಿನ ತೇಪೆ. ಗಂಡಿನ ಕಡೆಯವರ ಮುಂದೆ ಇದನ್ನು ಹಾಕಿಕೊಂಡು ಕೂತರೆ ನಮ್ಮ ಮರ್ಯಾದೆ ಏನಾಗಬೇಕು? ಮೊಬೈಲಿನಲ್ಲಿ ನೋಡಿದೆ, ಪುಣೆಯಲ್ಲಿ ಮೂವತ್ತು ಡಿಗ್ರಿ ಎಂದಿತ್ತು. ಕಡಲ ಬದಿಯವರಾದ ನಮಗೆ ಬೆಳಗಿಗೂ ಮಧ್ಯಾಹ್ನಕ್ಕೂ ಅಂಥ ವ್ಯತ್ಯಾಸ ಗೊತ್ತಿಲ್ಲ. ದಿನವಿಡೀ ಅಷ್ಟೇ ಎಂದುಕೊಂಡೆ. ಅತ್ತೆ ಸ್ನಾನಕ್ಕೆ ಹೋದಾಗ ಸ್ವೆಟರ್ ತೆಗೆದು ನನ್ನ ಕಪಾಟಿಗೆ ತುರುಕಿದೆ. ಆ ಜಾಗದಲ್ಲಿ ನನ್ನ ರೇಷ್ಮೆ ಸೀರೆ ಚೆನ್ನಾಗಿ ಕೂತಿತು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಎದ್ದರೆ, ಅಬ್ಬಾ, ನೆಲಕ್ಕೆ ಕಾಲಿಡಲು ಆಗುತ್ತಿಲ್ಲ! ಅತ್ತೆ ಬ್ಯಾಗಿನ ಬಟ್ಟೆಯನ್ನೆಲ್ಲ ಹರಡಿಕೊಂಡು ನಡುಗುತ್ತಾ ಕೂತಿದ್ದರು.

"ಇಲ್ಲೇ ಮೇಲೆ ಇಟ್ಟದ್ದು ಮಾರಾಯ್ತಿ. ನೀನು ಕಂಡಿದ್ಯಾ?"

"ಇಲ್ಲಪ್ಪ. ಮನೆಯಲ್ಲೇ ಮರ್ತಿರ್ಬೇಕು ನೀವು." ಬಾಯಿಂದ ಬಂದೇಬಿಟ್ಟಿತು.

ಅವರ ಮುಖ ಸಣ್ಣಗಾಯಿತು. ಅತ್ತೆಯ ಅಕ್ಕ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಗುರುತಿಸುತ್ತಿರಲಿಲ್ಲ. ತನಗೂ ಹಾಗಾದೀತೆಂಬ ಭಯ ಅವರಿಗೆ ಮೊದಲಿನಿಂದ ಇತ್ತು.

"ಅಕ್ಕನಿಗೂ ಹೀಗೇ ಅಲ್ವಾ ಶುರುವಾದದ್ದು?" ಎಂದರು ಮೆಲ್ಲಗೆ.

ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ನಾದಿನಿ ಬಾಗಿಲಲ್ಲೇ ನಿಂತಿದ್ದಳು. ನಾನು ತಲೆ ತಗ್ಗಿಸಿಕೊಂಡು ಬಟ್ಟೆ ಮಡಚಿದೆ.

ಅಷ್ಟರಲ್ಲಿ ಪಕ್ಕದ ಮನೆಯ ವಿಜಯಪುರದ ಹೆಂಗಸು ಹೂ ಕೊಡಲು ಬಂದರು. "ಅಯ್ಯ ಶಿವನ, ಎಷ್ಟ ನಡಗಾಕತ್ತೀರಲ್ರೀ ಅಮ್ಮಾರ! ಇಲ್ಲಿ ಮಧ್ಯಾಹ್ನ ಬಿಸಲ, ಮುಂಜಾನೆ ಭಾಳ ಥಂಡಿ ಅದ. ನಿಮ್ಮ ಸೊಸಿ ಹೇಳಲಿಲ್ಲೇನ್ರಿ?" ಎನ್ನುತ್ತಾ ತಾವು ಹೊದ್ದಿದ್ದ ಶಾಲನ್ನೇ ತೆಗೆದು ಅತ್ತೆಗೆ ಹೊದಿಸಿದರು.

"ಅವಳ ತಪ್ಪೆಂತದೂ ಇಲ್ಲ. ನಾನೇ ಮರ್ತು ಬಂದದ್ದು. ನನಗೆ ಮರೆವು ಶುರುವಾಗಿದೆ," ಎಂದರು ಅತ್ತೆ, ಮನೆಯವರೆಲ್ಲ ಕೇಳುವಂತೆ. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

ನಿಶ್ಚಿತಾರ್ಥಕ್ಕೆ ಬಂದ ಗಂಡಿನ ಅಜ್ಜಿಯನ್ನು ನೋಡಬೇಕಿತ್ತು ನೀವು. ಒಂಬತ್ತು ಗಜದ ಸೀರೆಯ ಮೇಲೆ ದೊಗಲೆ ಗಂಡಸರ ಸ್ವೆಟರ್, ತಲೆಗೆ ಮಫ್ಲರ್! ಯಾರ ಮರ್ಯಾದೆಯೂ ಹೋಗಲಿಲ್ಲ. ನನ್ನ ರೇಷ್ಮೆ ಸೀರೆಯನ್ನು ಯಾರೂ ತಿರುಗಿ ನೋಡಲಿಲ್ಲ.

ಊರಿಗೆ ಬಂದವಳು ಕಳ್ಳಿಯ ಹಾಗೆ ಆ ಸ್ವೆಟರನ್ನು ಅತ್ತೆಯ ಸೀರೆಗಳ ಅಡಿಗೆ ಸೇರಿಸಿದೆ. ಎರಡು ದಿನದ ನಂತರ ಅದು ಅತ್ತೆಯ ಕಣ್ಣಿಗೆ ಬಿತ್ತು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಮಡಚಿ ಮತ್ತೆ ಅಲ್ಲೇ ಇಟ್ಟರು.

ಆಮೇಲೆ ಅವರು ಒಬ್ಬರೇ ಎಲ್ಲಿಗೂ ಹೊರಡಲಿಲ್ಲ. ಅವರ ನೆನಪು ಇವತ್ತಿಗೂ ನನಗಿಂತ ಚುರುಕು, ಆದರೆ ಅದನ್ನು ಅವರೇ ನಂಬುವುದಿಲ್ಲ. ಹೇಳಿಬಿಡಬೇಕೆಂದು ಎಷ್ಟೋ ಸಲ ಹತ್ತಿರ ಹೋಗಿದ್ದೇನೆ. ನಾಚಿಕೆಯಿಂದ ನಾಲಿಗೆಯೇ ಏಳುವುದಿಲ್ಲ. ದಿನಾ ಗ್ಯಾಸ್ ಆರಿಸಿ ಬಂದು ನನ್ನನ್ನು ಕರೆಯುತ್ತಾರೆ: "ಒಮ್ಮೆ ನೋಡಿ ಬಾ ಮಗಾ. ನೀನೊಬ್ಬಳು ಇದ್ದೀಯಲ್ಲ, ನನಗೆ ಅಷ್ಟೇ ಧೈರ್ಯ."

ನಾನು ಎದ್ದು ಹೋಗಿ ನೋಡುತ್ತೇನೆ. ಪ್ರತಿ ಸಲವೂ ಸರಿಯಾಗಿಯೇ ಆರಿಸಿರುತ್ತಾರೆ.