ಎಡೆಕುಂಟೆಯೊಡನೆ ನಾಗಮಂಗಲದವರೆಗೆ

ತೊಂಬತ್ತರ ದಶಕದ ನಡುವಿನ ಒಂದು ಶ್ರಾವಣದ ಭಾನುವಾರ, ತುಂತುರು ಮಳೆಯಲ್ಲಿ, ನಾನೂ ನನ್ನ ಸಹಪಾಠಿ ಶಿವಾಚಾರಿಯೂ ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿದೆವು. ಬಸ್ಸಿನ ಮೇಲೆ ಗೋಣಿತಾಟು ಸುತ್ತಿದ ನಮ್ಮ ಕಬ್ಬಿಣದ ಎಡೆಕುಂಟೆಯಿತ್ತು. ರಾಗಿಯ ಸಾಲುಗಳ ನಡುವೆ ಎತ್ತು ಕಟ್ಟಿ ಕಳೆ ತೆಗೆಯುವ ಈ ಸಾಧನವನ್ನು, ಸಾಲಿನ ಅಗಲಕ್ಕೆ ತಕ್ಕಂತೆ ಅಲಗು ಸರಿಸಿಕೊಳ್ಳುವ ಹಾಗೆ ನಾವು ಮಾರ್ಪಡಿಸಿದ್ದೆವು. ಎಂಜಿನಿಯರಿಂಗ್ ಆಗಷ್ಟೇ ಮುಗಿದಿತ್ತು. ಕೊನೆಯ ವರ್ಷ ಓದಿದ ಉದ್ಯಮಶೀಲತೆಯ ಪಾಠ ಇನ್ನೂ ತಲೆಯಲ್ಲಿ ಬಿಸಿಯಾಗಿತ್ತು.

ನಾಗಮಂಗಲದಲ್ಲಿ ಶಿವಾಚಾರಿಯ ತಂದೆಯವರ ಕುಲುಮೆಯ ಹಿಂದೆ ಒಂದು ಕೊಟ್ಟಿಗೆ ಖಾಲಿ ಇತ್ತು. ಎಡೆಕುಂಟೆಯ ತಯಾರಿಕೆಯನ್ನು ಅಲ್ಲಿಯೇ ಆರಂಭಿಸುವುದು ನಮ್ಮ ಯೋಜನೆ. ಆದರೆ ಪಂಚರ್ ಹಾಕುವ ರಾಮಣ್ಣ ಅದನ್ನು ಬಾಡಿಗೆಗೆ ಕೇಳಿದ್ದರು. ತಂದೆಯವರು ಸೋಮವಾರದ ಗಡುವು ಹಾಕಿ ಹೇಳಿ ಕಳುಹಿಸಿದ್ದರು: "ದಾರೀಲಿ ಒಬ್ಬ ರೈತನಾದ್ರೂ ಇದು ಬೇಕು ಅಂದ್ರೆ ಕೊಟ್ಗೆ ನಿಮ್ದು. ಇಲ್ದಿದ್ರೆ ಸ್ವಾಮಾರ ಸಂಜೆ ರಾಮಣ್ಣಂಗೆ ಬೀಗದ ಕೈ ಕೊಟ್ಬುಡ್ತೀನಿ."

ನಮ್ಮಿಬ್ಬರ ಟಿಕೆಟ್ಟಿಗಿಂತ ಕುಂಟೆಯ ಲಗೇಜೇ ದುಬಾರಿಯಾಯಿತು. "ಏನ್ ಸಾರ್, ಇಸ್ತ್ರಿ ಪ್ಯಾಂಟು ಆಕ್ಕಂಡು ಕುಂಟೆ ತಕ್ಕಂಡು ಒಂಟಿದ್ದೀರ? ಎಣ್ಣು ನೋಡಕ್ಕೋ, ಕಳೆ ಕೀಳಕ್ಕೋ?" ಎಂದು ನಿರ್ವಾಹಕರು ಕೇಳಿದಾಗ ಇಡೀ ಬಸ್ಸು ನಕ್ಕಿತು.

ಪಾಂಡವಪುರದಲ್ಲಿ ಇಡ್ಲಿ ತಿಂದು, ಕೃಷಿ ಸಲಕರಣೆಗಳ ಅಂಗಡಿಯೊಂದಕ್ಕೆ ಹೋದೆವು. ಗ್ರಾಹಕ, ಮಾರುಕಟ್ಟೆ, ಬೇಡಿಕೆ ಎಂದು ನಾನು ಕಲಿತ ಕ್ರಮದಲ್ಲಿಯೇ ವಿವರಿಸತೊಡಗಿದೆ. ಅಂಗಡಿಯವರು ಕೈ ಅಡ್ಡ ಹಿಡಿದರು.

"ಅದೆಲ್ಲಾ ಇರ್ಲಿ ಬುಡಿ. ಇದು ಒಲ್ದಲ್ಲಿ ನಡ್ದದ್ದ ಯಾರಾರ ನೋಡವ್ರಾ?"

"ಇನ್ನೂ ಇಲ್ಲ."

"ಅಂಗಾರೆ ನಡ್ಸಿ, ಆಮ್ಯಾಕೆ ಬನ್ನಿ. ಅಂಗ್ಡೀಲಿ ನಿಂತ್ಕಂಡು ಕುಂಟೆ ಕಳೆ ಕೀಳಾಕಿಲ್ಲ."

ಮಾತು ನ್ಯಾಯವಾಗಿತ್ತು. ಅಂದು ಕೆ.ಆರ್. ಪೇಟೆಯಲ್ಲಿ ಶಿವಾಚಾರಿಯ ಬಂಧುಗಳ ಮನೆಯಲ್ಲಿ ತಂಗಿ, ಸೋಮವಾರ ಬೆಳಿಗ್ಗೆ ಹೇಮಗಿರಿ ರಸ್ತೆಯ ಹಳ್ಳಿಯೊಂದಕ್ಕೆ ಹೋದೆವು. ಕುಲುಮೆಯ ಹಳೆಯ ಪರಿಚಯದ ಜವರೇಗೌಡರು ತಮ್ಮ ಹೊಲದಲ್ಲಿ ಕುಂಟೆ ನಡೆಸಲು ಒಪ್ಪಿದ್ದರು. ಸೋಮವಾರವೇ ಆಗಬೇಕೆಂದು, ಗೌಡರನ್ನು ಕೇಳದೆಯೇ, ಗೊತ್ತುಮಾಡಿದವನು ಶಿವಾಚಾರಿ. ಅವನ ಮನೆಯ ಕುಲುಮೆಗೆ ರೈತರು ನೇಗಿಲ ಗುಳ, ಕುಡುಗೋಲು ಹಿಡಿದು ಹಿಂಡುಹಿಂಡಾಗಿ ಬರುತ್ತಿದ್ದುದು ಸೋಮವಾರವೇ. ಆದ್ದರಿಂದ ಅಂದು ನೋಡಲು ಜನ ಸಿಗುವುದು ಖಚಿತವೆಂದು ಅವನ ತರ್ಕ. ನನ್ನ ತಂದೆ ಜಟಕಾ ಹೊಡೆಯುವವರು. ನಮ್ಮ ಕುದುರೆಗೆ ವಾರದ ಲೆಕ್ಕವೇ ಇರಲಿಲ್ಲವಾದ್ದರಿಂದ ನಾನೂ ತಲೆಯಾಡಿಸಿದ್ದೆ.

ಜನವೇನೋ ಸೇರಿದರು. ಎತ್ತುಗಳು ಮಾತ್ರ ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು.

"ಗೌಡ್ರೇ, ಎತ್ತು ಕಟ್ಟೋದಾ?" ಎಂದ ಶಿವಾಚಾರಿ.

"ಸ್ವಾಮಾರ ಬಸವಣ್ಣನ ಎಗಲ ಮ್ಯಾಲೆ ನೊಗ ಮಡಗ್ತಾರೇನ್ಲಾ? ಅದ್ರಲ್ಲೂ ಸ್ರಾವಣ! ರೈತ್ರು ಸ್ವಾಮಾರವೇ ನಿಮ್ಮಪ್ಪನ ಕುಲುಮೇಗೆ ಯಾಕ್ ಬತ್ತಾರೆ ಅಂತ ಒಂದಿನಾನೂ ಕೇಳ್ನಿಲ್ವಾ?"

ಜನ ಗೊಳ್ಳೆಂದರು. ನನ್ನ ಕಣ್ಣ ಮುಂದೆ ಬಂದದ್ದು ರಾಮಣ್ಣನ ಕೈಯಲ್ಲಿನ ಬೀಗದ ಕೈ. ಮಂಗಳವಾರದವರೆಗೆ ಕಾಯಲು ನಮಗೆ ಅವಕಾಶವಿರಲಿಲ್ಲ.

ಗೌಡರ ಹೆಂಡತಿ ಕೆಂಪಮ್ಮನವರು ಜಗಲಿಯಿಂದ ಕೂಗಿದರು: "ಎತ್ಗೆ ರಜ ಅಂದ್ರೆ ನಿಮ್ಗೂ ರಜವಾ? ಇಷ್ಟು ಜನ ಗಂಡುಸ್ರು ನಿಂತವ್ರೆ, ಎಳೀರ್ಲಾ!"

"ಅಕ್ಕಯ್ಯ, ಬೂಸ ಇಕ್ಕೋರ್ ಯಾರು?" ಎಂದ ಗುಂಪಿನಲ್ಲೊಬ್ಬ.

"ಮುದ್ದೆ ಇಕ್ತೀನಿ, ನಡೀರಿ!"

ಹೊಲಕ್ಕೆ ಹೋಗಿ, ಕುಂಟೆಗೆ ಹಗ್ಗ ಕಟ್ಟಿ ಮೊದಲು ನಾವಿಬ್ಬರು ಎಳೆದೆವು. ಬಳಿಕ ಊರಿನ ಇಬ್ಬರು. "ಹೋಯ್, ಎಡಗಡೆ ಎತ್ತು ಮೈಗಳ್ಳ!" ಎಂದು ಹಿಂದಿನಿಂದ ಹಾಸ್ಯ ಬೇರೆ. ಅಲಗುಗಳು ಪೈರಿಗೆ ತಾಗದೆ ಕಳೆಯನ್ನು ಬುಡಸಹಿತ ಎಬ್ಬಿಸಿದವು. ಆದರೆ ಸಾಲಿನ ತುದಿ ಮುಟ್ಟುವಷ್ಟರಲ್ಲಿ ಎಳೆದವರಿಗೆ ಏದುಸಿರು.

"ಚೆಂದಾಗೈತೆ. ಆದ್ರೆ ನಂಗೆ ನಮ್ಮ ಮರದ ಕುಂಟೆನೇ ಸಾಕು ಕಣಪ್ಪ" ಎಂದರು ಜವರೇಗೌಡರು.

ಪಕ್ಕದ ಮನೆಯ ಸಣ್ಣಮ್ಮ ಎಂಬುವರು ಮುಂದೆ ಬಂದರು. "ನಮ್ಮನೇಲಿ ಎತ್ತಿಲ್ಲ. ಬಾಡ್ಗೆ ಎತ್ತು ಬರೋ ಒತ್ಗೆ ಕಳೆ ಮಂಡಿಗ್ ಬಂದಿರ್ತದೆ. ಒಬ್ರೇ ಎಳ್ಯಂಗೆ ಅಗೂರಾಗಿ ಮಾಡ್ಕೊಡ್ತೀರಾ? ನಾನು ತಕ್ಕತೀನಿ." ಅವರ ಹಿಂದೆ ನಿಂತಿದ್ದ ಇನ್ನಿಬ್ಬರು, "ನಮ್ಗೂ ಅಂಗೇ" ಎಂದರು.

ಮುದ್ದೆ, ಹುರುಳಿಕಾಳಿನ ಉಪ್ಸಾರು ಉಂಡು ನಾಗಮಂಗಲದ ಬಸ್ಸು ಹಿಡಿದೆವು. ಮಳೆ ಬಿಟ್ಟು, ದಾರಿಯುದ್ದಕ್ಕೂ ಹೊಲಗಳು ತೊಳೆದಂತೆ ಕಾಣುತ್ತಿದ್ದವು.

"ಬೇಕು ಅಂದ್ರು ಅಂತ ಯೋಳಾನ, ಸಾಕು" ಎಂದ ಶಿವಾಚಾರಿ.

"ಅವರು ಕೇಳಿದ್ದು ಇದನ್ನಲ್ಲ. ನಿಮ್ಮ ತಂದೆಯವರು ಕರಾರು ಹಾಕಿದ್ದು ಈ ಕುಂಟೆಗೆ."

"ಸುಮ್ಕಿರ್ಲಾ, ನೀನೊಬ್ಬ!" ಎಂದು ಅವನು ಕಿಟಕಿಯತ್ತ ತಿರುಗಿದ.

ನಾವು ತಲುಪಿದಾಗ ರಾಮಣ್ಣ ಗಾಳಿ ಹೊಡೆಯುವ ಯಂತ್ರವನ್ನು ತಳ್ಳುಗಾಡಿಯಲ್ಲಿ ತಂದು ಕೊಟ್ಟಿಗೆಯ ಮುಂದೆ ನಿಲ್ಲಿಸಿದ್ದರು. ಶಿವಾಚಾರಿಯ ತಂದೆಯವರು ಕೇಳುವ ಮೊದಲೇ ನಾನು ನಡೆದದ್ದನ್ನು ನಡೆದಂತೆಯೇ ಹೇಳಿದೆ: ಎತ್ತಿದ್ದವರು ಇದು ಬೇಡವೆಂದರು, ಎತ್ತಿಲ್ಲದವರು ಇನ್ನೊಂದನ್ನು ಕೇಳಿದರು, ಆ ಇನ್ನೊಂದು ಇನ್ನೂ ಹುಟ್ಟಿಲ್ಲ.

ಅವರು ಕುಂಟೆಯ ಒಂದು ತುದಿಯನ್ನು ಎತ್ತಿ ನೋಡಿದರು.

"ಬ್ಯಾಡ ಅಂದೋರು ಬೇಕಾದಷ್ಟು ಜನ ಸಿಕ್ತಾರೆ. ಇಂಗ್ ಮಾಡ್ಕೊಡಿ ಅಂತ ಕೇಳೋರು ಸಿಕ್ಕಕ್ಕಿಲ್ಲ" ಎಂದರು. ಬಳಿಕ ರಾಮಣ್ಣನತ್ತ ತಿರುಗಿ, "ನೀನು ಮುಂದ್ಲ ಜಗ್ಲಿ ತಕ್ಕಳಪ್ಪ. ಕೊಟ್ಗೆ ಈ ಐಕಳಿಗಿರ್ಲಿ."

"ರೋಡಿಗೇ ಜಗ್ಲಿ! ನಂಗ್ ಇನ್ನೂ ವಾಸಿ ಕನಣ್ಣ" ಎಂದು ರಾಮಣ್ಣ ಗಾಡಿಯನ್ನು ಆಗಲೇ ತಿರುಗಿಸಿದರು.

ಸಂಜೆ ನಾನೊಬ್ಬನೇ ಶ್ರೀರಂಗಪಟ್ಟಣದ ದಾರಿ ಹಿಡಿದೆ. ಬಸ್ಸು ಕುಲುಮೆಯ ಮುಂದೆಯೇ ಹಾದುಹೋಯಿತು. ಶಿವಾಚಾರಿಯೂ ರಾಮಣ್ಣನೂ ಮುರುಕು ಗಾಡಿಚಕ್ರವೊಂದನ್ನು ಕೊಟ್ಟಿಗೆಯಿಂದ ಹೊರಕ್ಕೆ ಉರುಳಿಸುತ್ತಿದ್ದರು. ಒಳಗೆ ತಂದೆಯವರು, ಪಂಚೆ ಎತ್ತಿ ಕಟ್ಟಿ, ನೆಲ ಗುಡಿಸುತ್ತಿದ್ದರು.