ಗೆದ್ದಲು ತಿಂದ ಕೊನೆಯ ಪುಟಗಳು

ನನ್ನ ಅತ್ತೆಗೆ ಕಣ್ಣಿನ ಪೊರೆ ತೆಗೆದ ಮೇಲೆ ಡಾಕ್ಟರು ಕೆಲವು ದಿನ ತಲೆ ಬಗ್ಗಿಸಬೇಡಿ, ಒಲೆಯ ಮುಂದೆ ನಿಲ್ಲಬೇಡಿ, ಟಿವಿ ನೋಡಬೇಡಿ ಎಂದರು. ಮೊದಲ ಎರಡನ್ನು ಅತ್ತೆ ಸಂತೋಷದಿಂದ ಒಪ್ಪಿಕೊಂಡರು. ಟಿವಿಯ ಮಾತು ಬಂದಾಗ, "ಈ ಡಾಕ್ಟ್ರಿಗೆ ಇನ್ನೂ ವಯಸ್ಸು ಸಾಲ್ದು," ಎಂದರು.

ಟಿವಿಯನ್ನು ಬರೀ ಕೇಳಿಸಿಕೊಳ್ಳುವ ಪ್ರಯತ್ನ ಮಾಡಿದೆವು. ಧಾರಾವಾಹಿಗಳಲ್ಲಿ ಮಾತು ಕಡಿಮೆ, ದುರುಗುಟ್ಟಿ ನೋಡುವುದೇ ಜಾಸ್ತಿ ಎಂಬುದು ಆಗ ತಿಳಿಯಿತು. ಮಧ್ಯೆ ಮಧ್ಯೆ ಬಡಿಯುವ ಸಂಗೀತಕ್ಕೆ ಅತ್ತೆಗೆ ತಲೆನೋವು ಬಂತು. "ಆರಿಸಿ ಬಿಡು. ಏನಾದ್ರೂ ಓದಿ ಹೇಳು ಕಣಮ್ಮ," ಎಂದರು.

ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಪುಸ್ತಕ ಇದ್ದದ್ದು ನಡುಮನೆಯ ಶೋಕೇಸಿನಲ್ಲಿ ಮಾತ್ರ. ಮನೆ ಕಟ್ಟಿಸಿದಾಗ ಬಡಗಿ ಗಾಜಿನ ಬಾಗಿಲಿನ ದೊಡ್ಡ ಶೋಕೇಸು ಮಾಡಿಕೊಟ್ಟನಂತೆ. ಅದರಲ್ಲಿಡಲು ಏನೂ ಇರಲಿಲ್ಲವಾದ್ದರಿಂದ ನಮ್ಮ ಮಾವ ಪುಸ್ತಕ ಮೇಳಕ್ಕೆ ಹೋಗಿ, ಜಗತ್ತಿನ ಹಳೆಯ ಸಾಹಿತ್ಯದ ಕನ್ನಡ ಅನುವಾದಗಳ ಒಂದು ಇಡೀ ಸಾಲನ್ನೂ ಉಳಿದ ಮೂಲೆಗೆ ಹಳಗನ್ನಡದ ಕಾವ್ಯಗಳನ್ನೂ ತಂದು ಜೋಡಿಸಿದರು. ಅಳತೆ ಸರಿಯಾಗಿತ್ತು. ಮಾವ ಈಗಿಲ್ಲ. ಇದ್ದಾಗಲೂ ಅವರು ಧೂಳು ಒರೆಸುವುದಕ್ಕಲ್ಲದೆ ಆ ಬಾಗಿಲು ತೆಗೆದದ್ದನ್ನು ನಾನು ಕಂಡಿಲ್ಲ. ನಾನೂ ಕಡಿಮೆಯೇನಲ್ಲ. ಬಿ.ಕಾಂ. ಮುಗಿಸಿ ರಾಜಾಜಿನಗರದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು. ಪರೀಕ್ಷೆಗೆ ಬರದ ಪುಸ್ತಕವನ್ನು ಓದಿದ ನೆನಪೇ ನನಗಿರಲಿಲ್ಲ.

ತೆಳ್ಳಗಿದೆ ಎಂಬ ಕಾರಣಕ್ಕೆ ಮೊದಲು ಜಪಾನಿನ ಹಳೆಯ ಕವಿತೆಗಳನ್ನು ತೆಗೆದೆ. ಒಂದು ಕವಿತೆ ಓದಿ ನಿಲ್ಲಿಸಿದೆ.

"ಹೂಂ, ಆಮೇಲೆ?" ಎಂದರು ಅತ್ತೆ.

"ಅಷ್ಟೇ ಅತ್ತೆ, ಮುಗೀತು."

"ಫೋನ್ ಕಟ್ಟಾದಂಗಾಯ್ತಲ್ಲೇ."

ಮರುದಿನ ಹಳಗನ್ನಡದ ಒಂದು ಕಾವ್ಯ. ನಾನು ಗಟ್ಟಿಯಾಗಿ ಓದಿದೆ. ಇಬ್ಬರಿಗೂ ಅರ್ಥವಾಗಲಿಲ್ಲ. ಮುಗಿದ ಮೇಲೆ ಅತ್ತೆ ಕೈ ಮುಗಿದರು. ಆಮೇಲೆ ಪರ್ಷಿಯಾದ ಕಥೆಗಳು ಬಂದವು. ಅಲ್ಲಿ ಒಂದು ಕಥೆಯೊಳಗಿನವನು ಇನ್ನೊಂದು ಕಥೆ ಹೇಳುತ್ತಾನೆ, ಆ ಕಥೆಯೊಳಗಿನವನೂ ಸುಮ್ಮನಿರುವುದಿಲ್ಲ. ನಾನು ಎರಡು ಸಲ ದಾರಿ ತಪ್ಪಿದೆ. ಅತ್ತೆ ಒಮ್ಮೆಯೂ ತಪ್ಪಲಿಲ್ಲ. ಧಾರಾವಾಹಿಗಳ ಅಭ್ಯಾಸ.

ನಮ್ಮನ್ನು ಹಿಡಿದು ಕೂರಿಸಿದ್ದು ರಷ್ಯಾದ ಒಂದು ಕಾದಂಬರಿ. ಇಬ್ಬರು ಅಣ್ಣತಮ್ಮಂದಿರು, ಹೊಳೆಯ ದಂಡೆಯಲ್ಲಿ ಒಂದು ಹುಲ್ಲುಗಾವಲು. ಅದು ಯಾರ ಪಾಲಿಗೆ ಸೇರಿದ್ದು ಎಂಬುದಕ್ಕೆ ಮಾತು ಬಿಟ್ಟಿದ್ದಾರೆ. ಅಣ್ಣನ ಮಗಳ ಮದುವೆಗೆ ತಮ್ಮ ಬರುವುದಿಲ್ಲ. ಬಾಗಿಲ ಹಿಂದೆ ನಿಂತು ಮದುವೆಯ ಗಾಡಿಗಳ ಗಂಟೆಯ ಸದ್ದು ಕೇಳಿಸಿಕೊಳ್ಳುತ್ತಾನೆ. ಒಬ್ಬೊಬ್ಬನಿಗೂ ಮೂರು ಮೂರು ಹೆಸರು. ಅತ್ತೆ ಅದನ್ನೆಲ್ಲ ತೆಗೆದುಹಾಕಿ ದೊಡ್ಡೋನು, ಚಿಕ್ಕೋನು ಎಂದು ಕರೆದರು. "ಸರ್ವೆ ಮಾಡ್ಸಿ ಕಲ್ಲು ನೆಡ್ಸಿದ್ರೆ ಈ ಗೋಳೇ ಇರ್ತಿರ್ಲಿಲ್ಲ," ಎಂದೂ ಹೇಳಿದರು. ನಾನು ಆಫೀಸಿನಿಂದ ಬೇಗ ಬರತೊಡಗಿದೆ. ಮೆಟ್ರೋದಲ್ಲಿ ನಿಂತಾಗಲೂ ಆ ಚಿಕ್ಕವನು ಬಾಗಿಲ ಹಿಂದಿನಿಂದ ಹೊರಗೆ ಬಂದನೋ ಇಲ್ಲವೋ ಎಂಬುದೇ ಯೋಚನೆ. ಅದುವರೆಗೆ ಒಂದು ಪುಸ್ತಕವೂ ನನ್ನನ್ನು ಹೀಗೆ ಕಾಯಿಸಿರಲಿಲ್ಲ.

ಕೊನೆಯ ಅಧ್ಯಾಯಕ್ಕೆ ಬಂದಾಗ ಪುಟಗಳೇ ಇರಲಿಲ್ಲ. ಗೋಡೆಯ ಕಡೆಯಿಂದ ಗೆದ್ದಲು ಬಂದಿತ್ತು. ಕಥೆ ಹೇಗೆ ಮುಗಿಯಿತೆಂದು ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ಅದಕ್ಕೆ ಮಾತ್ರ.

ಅತ್ತೆ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಇದ್ದಕ್ಕಿದ್ದಂತೆ, "ಇದನ್ನ ಅವಳನ್ನೇ ಕೇಳ್ಬೇಕು. ಮೊಂಡುತನ ಹೆಂಗೆ ಮುಗಿಯುತ್ತೆ ಅಂತ ಅವಳಿಗೇ ಗೊತ್ತಿರೋದು. ಫೋನ್ ಹಚ್ಚು," ಎಂದರು.

ಅವಳು ಎಂದರೆ ಬ್ಯಾಡರಹಳ್ಳಿಯಲ್ಲಿರುವ ಅವರ ತಂಗಿ, ನನಗೆ ಚಿಕ್ಕತ್ತೆ. ಅವರ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹೊಲ ಇಬ್ಬರು ಹೆಣ್ಣುಮಕ್ಕಳಿಗೂ ಪಾಲಾದಾಗ ಗಡಿಯಲ್ಲಿ ಒಂದು ಹಲಸಿನ ಮರ ಉಳಿಯಿತು. ಅದು ಯಾರದೆಂದು ಜಗಳವಾಯಿತು. ಆಮೇಲೆ ಅಲ್ಲಿ ಲೇಔಟ್ ಬಂತು, ಮರ ಹೋಯಿತು, ಈಗ ಆ ಜಾಗದಲ್ಲಿ ಒಂದು ಬೇಕರಿ ಇದೆ. ಜಗಳ ಮಾತ್ರ ಹಾಗೆಯೇ ಇತ್ತು. ನಾನು ಮದುವೆಯಾಗಿ ಬಂದ ಮೇಲೆ ಅಕ್ಕತಂಗಿಯರು ಮಾತಾಡಿದ್ದನ್ನು ನೋಡಿಯೇ ಇರಲಿಲ್ಲ.

ಸ್ಪೀಕರಿಗೆ ಹಾಕಿ ಫೋನನ್ನು ಅತ್ತೆಯ ಮುಂದೆ ಹಿಡಿದೆ.

"ಯಾರು?" ಎಂದಿತು ಆ ಕಡೆಯ ದನಿ.

"ನಾನು ಕಣೇ."

ಆ ಕಡೆ ಟಿವಿ ಆರಿಸಿದ ಸದ್ದಾಯಿತು. ಆಮೇಲೆ ಚಿಕ್ಕತ್ತೆ ಕೇಳಿದರು: "ಕಣ್ಣು ಹೆಂಗಿದೆ ಅಕ್ಕ?"

ಆಪರೇಷನ್ನಿನ ವಿಷಯ ಅವರಿಗೆ ನಾವ್ಯಾರೂ ಹೇಳಿರಲಿಲ್ಲ. ಅತ್ತೆ ಗಂಟಲು ಸರಿಮಾಡಿಕೊಂಡು, "ರಷ್ಯಾದಲ್ಲಿ ಇಬ್ರು ಅಣ್ಣತಮ್ಮಂದ್ರು ಇದ್ರು," ಎಂದು ಶುರುಮಾಡಿದರು.

"ಯಾರ ಕಡೆಯೋರು?" ಎಂದರು ಚಿಕ್ಕತ್ತೆ.

ಪೂರ್ತಿ ಕೇಳಿಕೊಂಡು, ಎರಡೂ ಕಡೆಯ ಮಾತು ಸರಿಯಾಗಿ ತಿಳಿಯದೆ ನ್ಯಾಯ ಹೇಳುವುದಕ್ಕಾಗುವುದಿಲ್ಲ ಎಂದು ಫೋನ್ ಇಟ್ಟರು. ಭಾನುವಾರ ಬೆಳಗ್ಗೆ ಒಂದು ಚೀಲ ಅವರೆಕಾಯಿಯ ಜೊತೆ ಬಂದು ಬಾಗಿಲಲ್ಲಿ ನಿಂತರು. ಅಕ್ಕನ ಮುಖವನ್ನು ಒಮ್ಮೆ ನೋಡಿ, "ಕಪ್ಪು ಕನ್ನಡಕ ನಿಂಗೆ ಒಪ್ಪಲ್ಲ," ಎಂದು ಒಳಗೆ ಬಂದರು. ನಾನು ಕಾದಂಬರಿಯನ್ನು ಮತ್ತೆ ಮೊದಲ ಪುಟದಿಂದ ಹಿಡಿದೆ. ಇಬ್ಬರೂ ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತ ಕೇಳಿದರು.

ಮದುವೆಯ ಭಾಗ ಬಂದಾಗ ಅತ್ತೆ, "ಚಿಕ್ಕೋನಿಗೆ ಅಷ್ಟು ಜಂಬ ಆಗ್ಬಾರ್ದಿತ್ತು," ಎಂದರು.

"ದೊಡ್ಡೋನು ಮನೆಗೆ ಬಂದು ಕರೆದ್ನಾ? ಆಳಿನ ಕೈಲಿ ಹೇಳಿ ಕಳಿಸಿದ್ರೆ ಯಾರು ಹೋಗ್ತಾರೆ?"

"ಕರೀದೆ ಇದ್ರೇನು? ಒಡಹುಟ್ಟಿದೋನಿಗೆ ಕರೆಯೋಲೆ ಬೇರೆ ಬೇಕಾ?"

"ಬೇಕು ಅಕ್ಕ. ಬೇಕಾಗುತ್ತೆ."

ನಾನು ಪುಟದ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ನನ್ನ ಮದುವೆಗೆ ಚಿಕ್ಕತ್ತೆ ಬಂದಿರಲಿಲ್ಲ. ಇಬ್ಬರೂ ಬೇಗ ಬೇಗ ಕಾಯಿ ಸುಲಿದರು. ಚೀಲ ಅರ್ಧ ಖಾಲಿಯಾದ ಮೇಲೆ ಚಿಕ್ಕತ್ತೆಯೇ ಮೊರ ನೋಡುತ್ತ ಹೇಳಿದರು: "ಆ ಮರದ ಹಣ್ಣೂ ಅಷ್ಟಕ್ಕಷ್ಟೇ."

"ಬರೀ ನಾರು," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕೆ ನಿಲ್ಲಿಸಿದ್ದು? ಓದು," ಎಂದರು.

ಉಳಿದ ಪುಟಗಳಿಗಾಗಿ ನಾನು ವಿಜಯನಗರದ ಲೈಬ್ರರಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಜ್ಞಾನಭಾರತಿಯ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಗೆಳತಿಯೊಬ್ಬಳು ಅಲ್ಲಿ ಅದೇ ಪುಸ್ತಕ ಹುಡುಕಿ, ಕೊನೆಯ ಅಧ್ಯಾಯದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಚಿಕ್ಕತ್ತೆ ಬರುವವರೆಗೆ ಓದಕೂಡದು ಎಂದು ಅತ್ತೆ ತಾಕೀತು ಮಾಡಿದರು. ನಾನು ಕದ್ದು ಕೂಡ ನೋಡಲಿಲ್ಲ.

ಮುಂದಿನ ಭಾನುವಾರ ಓದಿದೆ. ಮಂಜು ಕರಗುತ್ತದೆ, ಹೊಳೆ ಉಕ್ಕಿ ದಾರಿ ಬದಲಿಸುತ್ತದೆ, ಹುಲ್ಲುಗಾವಲು ಪೂರ್ತಿ ನೀರಿನೊಳಗೆ ಹೋಗುತ್ತದೆ. ಅಣ್ಣ ಈ ದಡದಲ್ಲಿ, ತಮ್ಮ ಆ ದಡದಲ್ಲಿ ನಿಂತು ನೋಡುತ್ತಾರೆ. ಆಮೇಲೆ ಒಂದು ಪುಟದಷ್ಟು ಮೋಡದ ವರ್ಣನೆ. ಮುಗಿಯಿತು.

"ಮಾತಾಡಿದ್ರಾ ಇಲ್ವಾ?" ಎಂದು ಅತ್ತೆ ಕೇಳಿದರು.

"ಅದನ್ನ ಬರೆದಿಲ್ಲ ಅತ್ತೆ."

"ಇಷ್ಟುದ್ದ ಬರೆದೋನಿಗೆ ಇನ್ನೊಂದು ಸಾಲು ಬರೆಯೋಕೆ ಏನು ಕಷ್ಟ?"

ಚಿಕ್ಕತ್ತೆ ಸೆರಗಿಗೆ ಕೈ ಒರೆಸಿಕೊಂಡರು. "ಮಾತಾಡಿರ್ತಾರೆ ಬಿಡು ಅಕ್ಕ. ಆ ಹೊತ್ತಲ್ಲಿ ಬರೆಯೋನು ಅಲ್ಲಿ ಇರ್ಲಿಲ್ಲ, ಅಷ್ಟೇ."

ಸಾಹಿತ್ಯದ ಬಗ್ಗೆ ನಾನು ಇದುವರೆಗೆ ಕೇಳಿರುವ ವಿಮರ್ಶೆ ಇದೊಂದೇ ಆದ್ದರಿಂದ ಹೋಲಿಸಿ ನೋಡುವುದಕ್ಕೆ ಬೇರೆ ಇಲ್ಲ.

ಅತ್ತೆಯ ಕಣ್ಣು ಈಗ ಚೆನ್ನಾಗಿದೆ. ಚಿಕ್ಕತ್ತೆ ಭಾನುವಾರ ತಪ್ಪಿಸುವುದಿಲ್ಲ. ಸದ್ಯ ಗ್ರೀಸಿನ ಒಂದು ನಾಟಕ ನಡೆಯುತ್ತಿದೆ. ಅದರಲ್ಲಿ ರಾಜನ ಮನೆಯ ಅನಾಹುತಗಳನ್ನೆಲ್ಲ ಪಕ್ಕದಲ್ಲಿ ನಿಂತು ನೋಡುತ್ತ, ಮರುಗುತ್ತ, ಒಂದು ಕಡ್ಡಿಯನ್ನೂ ಎತ್ತಿಡದ ಮುದುಕರ ಗುಂಪೊಂದಿದೆ. ಇವರ ಕೆಲಸವೇನು ಎಂದು ನಾನು ಮುನ್ನುಡಿ ತೆರೆದೆ. ನೋಡುವುದೇನೂ ಬೇಡ, ಇವರು ನಮ್ಮ ರೋಡಿನ ನಿವಾಸಿಗಳ ಅಸೋಸಿಯೇಷನ್ ಎಂದರು ಅತ್ತೆ.