ದಾವಲಬಿಯ ಮೂವತ್ತೆರಡು ಬಿಟ್

ದಾವಲಬಿಗೆ ಕಣ್ಣು ಹೋದದ್ದು ಸಣ್ಣಾಕೆ ಇದ್ದಾಗ, ಹೊಂಬಳದಲ್ಲಿ. ಬಾಯಿ ಮಾತ್ರ ಗಟ್ಟಿ. ಗದಗ ಬೇರೆ ಜಿಲ್ಲೆಯಾದ ಹೊಸತರಲ್ಲಿ ಲಕ್ಷ್ಮೇಶ್ವರದ ನಮ್ಮ ಶೇಂಗಾ ಬೆಳೆಗಾರರ ಸಂಘಕ್ಕೆ ಟೈಪಿಸ್ಟ್ ಆಗಿ ಬಂದಳು. ಮೊದಲ ದಿನ ಕೈಹಿಡಿದು ಕುರ್ಚಿಗೆ ಒಯ್ಯಲು ಹೋದೆ. "ಕುರ್ಚಿ ಎಲ್ಲೈತಿ ಹೇಳ್ರಿ ಸಾಕು ಅಣ್ಣಾರ. ನಾ ಏನ್ ಮದಲಗಿತ್ತಿ ಅಲ್ಲ" ಎಂದಳು. ನನಗೆ ಸಿಟ್ಟು ಬಂತು. ಅಂದಿನಿಂದ ಪಕ್ಕದ ಟೇಬಲ್ಲಿನಲ್ಲೇ ಕೂತಿದ್ದೇನೆ, ಆ ಸಿಟ್ಟು ಈಗಲೂ ಆಗಾಗ ಬರುತ್ತದೆ.

ಮುಂದೆ ಕಂಪ್ಯೂಟರ್ ಬಂದಾಗ ಆಕೆ ತನ್ನದಕ್ಕೆ, ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಕನ್ನಡ ದನಿಯೊಂದನ್ನು ಹಾಕಿಸಿಕೊಂಡಳು. ಅದರ ಓಟಕ್ಕೆ ನಮಗೆ ಡಬ್ಬಿಯಲ್ಲಿ ಶೇಂಗಾ ಅಲುಗಾಡಿಸಿದಂತೆ ಕೇಳುತ್ತಿತ್ತು. ಆಕೆ ಮಾತ್ರ ಇ-ಮೇಲಿನಲ್ಲಿ ಬರುವ ಸದಸ್ಯರ ಪತ್ರಗಳನ್ನೆಲ್ಲ ತಾನೇ ಓದಿ, ತಾನೇ ಉತ್ತರ ಬರೆಯುತ್ತಿದ್ದಳು.

ಆ ಕಂಪ್ಯೂಟರ್ ಕೆಟ್ಟಿತು. ಎಲ್ಲರಿಗೂ ಹೊಸವು ಬಂದವು: ಅರವತ್ನಾಲ್ಕು ಬಿಟ್‌ನ ಪ್ರೊಸೆಸರ್, ಅರವತ್ನಾಲ್ಕು ಬಿಟ್‌ನ ವಿಂಡೋಸ್, ಎಂಟು ಜಿಬಿ ಮೆಮೊರಿ. ಗದಗಿನ ಅಂಗಡಿಯಿಂದ ಬಂದ ಅಬ್ರಾರ ಆ ದನಿಯನ್ನು ಹಾಕಲು ಹೆಣಗಿದ. ಹೊಸ ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ.

"ಇದು ಹಳೇ ಮೂವತ್ತೆರಡು ಬಿಟ್ ವಿಂಡೋಸಿಗೆ ಅಷ್ಟ ಮಾಡಿದ್ದು ಆಪಾ, ಅರವತ್ನಾಲ್ಕರಾಗ ನಡಿಯೂದಿಲ್ಲ. ಮಾಡಿದವ್ರು ಅಲ್ಲಿಗೇ ಕೈಬಿಟ್ಟಾರ" ಎಂದ ದಾವಲಬಿಗೆ.

ಮ್ಯಾನೇಜರ್ ನಿಜಲಿಂಗಪ್ಪನವರು, "ಆತು ಬಿಡವಾ, ಇನ್‌ಮ್ಯಾಲೆ ಸಕ್ರಪ್ಪ ಓದಿ ಹೇಳತಾನ" ಎಂದರು. ಈ ಸಕ್ರಪ್ಪನನ್ನು ಒಂದು ಮಾತು ಕೇಳಬೇಕಲ್ಲ! ನನಗೆ ಮೈ ಉರಿಯಿತು. ಹೇಗೆಂದು ತೋರಿಸಲು ಅವರೇ ನನ್ನ ಪಕ್ಕ ಕೂತು, ಸಿಂಗಟಾಲೂರಿನ ಬೆಳೆಗಾರರು ಕಳಿಸಿದ್ದ ತಕರಾರನ್ನು ನನ್ನ ಪರದೆಯ ಮೇಲಿಂದ ಓದತೊಡಗಿದರು. ನಡುವೆ ಒಮ್ಮೆ ಕೆಮ್ಮಿ, ಮುಂದೆ ಓದಿ ಮುಗಿಸಿದರು.

"ಕೆಮ್ಮಿದಲ್ಲೆ ಏನ್ ಬರದಿತ್ರಿ ಸಾಹೇಬ್ರ?" ದಾವಲಬಿ ಕೇಳಿದಳು.

"ಏನೂ ಇಲ್ಲ."

ನಾನು ಬಗ್ಗಿ ನೋಡಿದೆ. ಎರಡು ಸಾಲು ಇದ್ದವು: ತೂಕದ ದಿನ ಮ್ಯಾನೇಜರ್ ಆಫೀಸಿಗೇ ಬರುವುದಿಲ್ಲ, ನಾವು ಬಿಸಿಲಿನಲ್ಲಿ ಕಾಯುತ್ತೇವೆ ಎಂದು. ಗಟ್ಟಿಯಾಗಿ ಓದಿಬಿಟ್ಟೆ.

"ಇವತ್ತ ಸಕ್ರಪ್ಪಣ್ಣ ಓದಿದ. ನಾಳೆ ಅವಗೂ ಕೆಮ್ಮು ಬರಬಹುದು" ಎಂದಳು ದಾವಲಬಿ. ನನಗೆ ಚುರುಕ್ಕೆಂದಿತು, ಆದರೆ ಆಕೆ ಹೇಳಿದ್ದು ಖರೆ. "ನನ್ನ ಪತ್ರ ನಾನ ಓದಾಕಿ. ಅಬ್ರಾರ, ಈ ಹೊಸಾದ್ರಾಗ ಆ ಮೂವತ್ತೆರಡರ ವಿಂಡೋಸ್ ಕುಂಡರತೈತೇನು?"

"ಕುಂಡರತೈತಿ ಆಪಾ. ಆದ್ರ ಎಂಟು ಜಿಬಿಯೊಳಗ ನಾಕೂ ಪೂರಾ ಅದಕ್ಕ ಕಾಣೂದಿಲ್ಲ."

ನಿಜಲಿಂಗಪ್ಪನವರಿಗೆ ಅಷ್ಟೇ ಸಾಕಾಯಿತು. "ಅಂದ್ರ ಅರ್ಧಾ ಮೆಮೊರಿ ದಂಡ! ಎಲ್ಲಾರೂ ಹೊಸಾದ್ರಾಗ ಇರಬೇಕಾದ್ರ ನಿನಗೊಬ್ಬಾಕಿಗೆ ಹಳೇದು ಯಾಕ? ಸಂಘದ ಸಾಮಾನು ಹಾಳ ಮಾಡಾಕ ನಾ ಒಪ್ಪೂದಿಲ್ಲ."

ದಾವಲಬಿ ಎದ್ದು ನಿಂತಳು.

"ನನ್ನ ತಲಿ ಮ್ಯಾಲೆ ಟ್ಯೂಬ್‌ಲೈಟ್ ಜುಂಯ್ ಅಂತೈತ್ರಿ. ನಾ ಬಂದಾಗಿಂದ ಕೇಳಾಕತ್ತೇನಿ. ಮುಂಜಾನೆ ಹಚ್ಚತೀರಿ, ಸಂಜಿಕ ಆರಸ್ತೀರಿ. ಅದು ದಂಡ ಅಂತ ಒಬ್ಬರರ ಅಂದೀರೇನ್ರಿ?"

ಎಲ್ಲರೂ ಮೇಲೆ ನೋಡಿದೆವು. ಆಕೆಯ ಟೇಬಲ್ ಮೇಲೆ ಬೆಳ್ಳಗೆ ಬೆಳಕು ಬಿದ್ದಿತ್ತು. ನಿಜಲಿಂಗಪ್ಪನವರು ತಲೆ ಇಳಿಸಿ ಅಬ್ರಾರನ ಕಡೆ ತಿರುಗಿದರು.

"ಹಾಕಪಾ ಅಬ್ರಾರ," ಎಂದರು, "ಆಕಿ ಹೇಳಿದ್ದ ಹಾಕು."